ಗುಟ್ಟು ಅವರದು, ಜೆರಾಕ್ಸ್ ನಮ್ಮದು

ನಮ್ಮ ಖಾಸಗಿತನದ ಅಳತೆ ತಿಳಿಯದವರು ಬರೆದಿಟ್ಟುಕೊಳ್ಳಿ: ಎತ್ತರ 13 ಅಡಿ, ದಪ್ಪ 5 ಅಡಿ. ಆಧಾರ್ ದತ್ತಾಂಶ ಇಂಥದೊಂದು ಗೋಡೆಯ ಹಿಂದೆ ಭದ್ರವಾಗಿದೆ ಎಂದು ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್ ಅವರು 2018ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್‌ಗೆ ತಿಳಿಸಿದ್ದರು. ಚಿತ್ರದುರ್ಗದ ಕೋಟೆ ಕಟ್ಟಿದವರಿಗೂ ಇಷ್ಟು ಧೈರ್ಯ ಇದ್ದಿರಲಾರದು. ಅಲ್ಲೊಂದು ಕಿಂಡಿ ಇತ್ತು, ಕೊನೆಗೆ ಅದನ್ನು ಕಾಯಲು ಒನಕೆ ಹಿಡಿದ ಓಬವ್ವನೇ ಬರಬೇಕಾಯಿತು. ಕಂಪ್ಯೂಟರಿನ ಮಾಹಿತಿ ಕದಿಯಲು ಬರುವವನು ಏಣಿ ಹೊತ್ತು ಬರುತ್ತಾನೆಂದು ನಂಬುವ ದೇಶದಲ್ಲಿ ಹುಟ್ಟಿದ್ದು ನಮ್ಮ ಪುಣ್ಯ.

ಗೋಡೆಯ ಈಚೆ ಏನಿದೆ ಎಂದು ನೋಡುವ ಆಸೆಯಿದ್ದರೆ ಯಾವುದಾದರೂ ತಾಲ್ಲೂಕು ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಗೆ ಹೋಗಿ. ಯಂತ್ರದ ಪಕ್ಕದ ರಟ್ಟಿನ ಡಬ್ಬದಲ್ಲಿ ಕೆಟ್ಟುಹೋದ ಪ್ರತಿಗಳಿರುತ್ತವೆ: ಮಸಿ ಹೆಚ್ಚಾಗಿ ಮುಖವೇ ಕಾಣದ ಆಧಾರ್, ಓರೆಯಾಗಿ ಬಂದು ವಿಳಾಸದ ಪಿನ್‌ಕೋಡ್ ಮಾತ್ರ ಉಳಿದ ಆಧಾರ್, ಪಕ್ಕದಲ್ಲೇ ಅವರ ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ. ಬೆನ್ನು ಬಿಳಿಯಿರುವ ಹಾಳೆಗಳಲ್ಲಿ ಅಂಗಡಿಯವನು ಲೆಕ್ಕ ಬರೆಯುತ್ತಾನೆ. ಮಿಕ್ಕಿದ್ದು ಬಜ್ಜಿ ಗಾಡಿಗೆ. ಮೊನ್ನೆ ನನ್ನ ಕೈಗೆ ಬಂದ ಮೆಣಸಿನಕಾಯಿ ಬಜ್ಜಿಯ ಪೊಟ್ಟಣದೊಳಗಿಂದ ಯಾರೋ ಹಿರಿಯರು ಎಣ್ಣೆಯಲ್ಲಿ ನೆನೆದು ನನ್ನನ್ನೇ ನೋಡುತ್ತಿದ್ದರು. ಕಡಲೆಹಿಟ್ಟು ಅಂಟಿ ಮೊದಲ ಎಂಟು ಅಂಕಿ ಮರೆಯಾಗಿ, ಕೊನೆಯ ನಾಲ್ಕು ಮಾತ್ರ ಕಾಣುತ್ತಿದ್ದವು. ಆಧಾರ್ ಪ್ರಾಧಿಕಾರ ಹೇಳುವ ‘ಮಾಸ್ಕ್‌ಡ್ ಆಧಾರ್’ ಸಹ ಹೀಗೆಯೇ ಇರುತ್ತದೆ. ನಿಯಮ ಪಾಲಿಸುವವರೇ ಇಲ್ಲ ಎಂದು ಕೊರಗುವವರು ಆ ಗಾಡಿಯವನನ್ನು ಒಮ್ಮೆ ನೋಡಬೇಕು.

ಪ್ರಾಧಿಕಾರ ಒಮ್ಮೆ ಸತ್ಯ ನುಡಿದದ್ದೂ ಉಂಟು. ಅದೂ ನಮ್ಮ ಬೆಂಗಳೂರಿನ ಪ್ರಾದೇಶಿಕ ಕಚೇರಿ. 2022ರ ಮೇ 27ರಂದು ಹೊರಡಿಸಿದ ಪ್ರಕಟಣೆಯಲ್ಲಿ, ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರ್ಬಳಕೆಯಾದೀತು, ಪರವಾನಗಿಯಿಲ್ಲದ ಹೋಟೆಲು, ಚಿತ್ರಮಂದಿರಗಳು ಅದನ್ನು ಪಡೆದಿಟ್ಟುಕೊಳ್ಳುವಂತಿಲ್ಲ ಎಂದು ಎಚ್ಚರಿಸಿತು. ಎರಡು ದಿನ ದೇಶವೆಲ್ಲ ಗಾಬರಿ. 29ರಂದು ಪ್ರಕಟಣೆ ವಾಪಸ್. ಜನ ತಪ್ಪಾಗಿ ಅರ್ಥ ಮಾಡಿಕೊಳ್ಳಬಹುದಂತೆ. ಎಂದಿನ ವಿವೇಚನೆ ಬಳಸಿದರೆ ಸಾಕಂತೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನ ಮಗುವನ್ನು ಹೆಗಲಿಗೇರಿಸಿಕೊಂಡು ಲಾಡ್ಜ್ ಕೌಂಟರಿನ ಮುಂದೆ ನಿಂತವನು, ಕೈ ಚಾಚಿದ ಮ್ಯಾನೇಜರನೆದುರು ಯಾವ ವಿವೇಚನೆ ಬಳಸಬೇಕೋ ಅದನ್ನೂ ಪ್ರಕಟಣೆಯಲ್ಲೇ ತಿಳಿಸಿದ್ದರೆ ಉಪಕಾರವಾಗುತ್ತಿತ್ತು.

2025ರ ನವೆಂಬರ್ ಕೊನೆಗೆ ದೂರಸಂಪರ್ಕ ಇಲಾಖೆಗೆ ನಮ್ಮ ಮೇಲೆ ಇನ್ನಷ್ಟು ಮಮತೆ ಉಕ್ಕಿತು. ಪ್ರತಿ ಹೊಸ ಮೊಬೈಲ್‌ನಲ್ಲೂ ಮೊಬೈಲ್ ವಂಚನೆ ತಡೆಯಲೆಂಬ ಸರ್ಕಾರಿ ‘ಸಂಚಾರ್ ಸಾಥಿ’ ಆ್ಯಪ್ ಮೊದಲೇ ಇರಬೇಕು, ಅದರ ಕೆಲಸಕ್ಕೆ ಅಡ್ಡಿಯಾಗಬಾರದು ಎಂದು ಕಂಪನಿಗಳಿಗೆ ಆದೇಶ ಹೋಯಿತು. ಗದ್ದಲವೆದ್ದಾಗ ಸಚಿವರು, ಬೇಡವಾದವರು ಅಳಿಸಬಹುದು ಎಂದರು. ಡಿಸೆಂಬರ್ 3ರಂದು ಕಡ್ಡಾಯವೇ ರದ್ದಾಯಿತು. ಮದುವೆ ಗಂಡು ತಾಳಿ ಕಟ್ಟಲು ಬಂದು, ಹುಡುಗಿ ಒಲ್ಲೆನೆಂದಾಗ ‘ನಾನು ಊಟಕ್ಕೆ ಬಂದವನು’ ಎಂದಂತಾಯಿತು.

ಇಷ್ಟೆಲ್ಲ ಹೇಳಿದೆನೆಂದು ಸರ್ಕಾರಕ್ಕೆ ಖಾಸಗಿತನದ ಬೆಲೆ ಗೊತ್ತಿಲ್ಲ ಎಂದು ತೀರ್ಮಾನಿಸಬೇಡಿ. ಚೆನ್ನಾಗಿಯೇ ಗೊತ್ತು. ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 86ರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲ ಎಂದು ಸರ್ಕಾರಿ ವಕೀಲರು ವಾದಿಸಿದರು. ಇದೆ ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದರು. ಇಷ್ಟು ಒಳ್ಳೆಯ ವಸ್ತುವನ್ನು ಜನರ ಕೈಗೆ ಕೊಟ್ಟು ಹಾಳು ಮಾಡುವುದೇಕೆಂದು ಸರ್ಕಾರ ಅದನ್ನು ತಾನೇ ಇಟ್ಟುಕೊಂಡಿತು.

2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾಯ್ದೆ ಬಂತು. ಭದ್ರತೆಯ ಹೆಸರಿನಲ್ಲಿ ತನ್ನ ಯಾವ ಅಂಗಸಂಸ್ಥೆಗೆ ಬೇಕಾದರೂ ಅದರಿಂದ ವಿನಾಯಿತಿ ಘೋಷಿಸಿಕೊಳ್ಳಲು ಕೇಂದ್ರಕ್ಕೆ ಅದೇ ಕಾಯ್ದೆಯ 17ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಜೊತೆಗೆ ಮಾಹಿತಿ ಹಕ್ಕಿಗೂ ಕತ್ತರಿ. ವೈಯಕ್ತಿಕ ಮಾಹಿತಿಯಾದರೂ ಸಾರ್ವಜನಿಕ ಹಿತವಿದ್ದರೆ ಕೊಡಬಹುದು ಎಂದು ಮಾಹಿತಿ ಹಕ್ಕು ಕಾಯ್ದೆಯ ಕಲಮಿನಲ್ಲಿದ್ದ ಬಾಲವನ್ನು ಕತ್ತರಿಸಿ ಹಾಕಲಾಯಿತು. ಫೋನಿಗೆ ನುಸುಳಿ ಗೂಢಚರ್ಯೆ ನಡೆಸುವ ಪೆಗಾಸಸ್ ತಂತ್ರಾಂಶದ ಹಗರಣದಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಸಮಿತಿಯ ಮುಂದೆ 29 ಫೋನ್‌ಗಳು ಬಂದವು, ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂಬುದು ಖಚಿತವಾಗಲಿಲ್ಲ. ಸರ್ಕಾರ ಸಹಕರಿಸಲಿಲ್ಲ ಎಂದು ಸಮಿತಿ ವರದಿ ಮಾಡಿತು. ಅಂದರೆ ಫೋನಿನೊಳಗಿದ್ದದ್ದನ್ನೆಲ್ಲ ಒಪ್ಪಿಸಿದವರು ಪ್ರಜೆಗಳು, ತುಟಿ ಪಿಟಕ್ಕೆನ್ನದವರು ಪ್ರಭುಗಳು.

ಕ್ಯಾಮೆರಾಗಳ ಸಂಗತಿ ಇನ್ನೂ ಸೊಗಸು. ಬೆಂಗಳೂರಿನ ಬೀದಿಗಳಲ್ಲಿ ನಿರ್ಭಯಾ ನಿಧಿಯ ಸೇಫ್ ಸಿಟಿ ಕ್ಯಾಮೆರಾಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಾಯಂದಿರನ್ನೂ ಸೊಸೆಯಂದಿರನ್ನೂ ಕಾಯುತ್ತಿವೆ. ಆದರೆ 2025ರ ಆಗಸ್ಟ್‌ನಲ್ಲಿ ಮತಗಟ್ಟೆಗಳ ದೃಶ್ಯಾವಳಿ ಕೊಡಿ ಎಂದಾಗ, ತಾಯಿ, ಸೊಸೆ, ಮಗಳ ಸಿಸಿಟಿವಿ ವಿಡಿಯೊವನ್ನು ಹಂಚಬೇಕೇ ಎಂದು ಮುಖ್ಯ ಚುನಾವಣಾ ಆಯುಕ್ತರು ಕೇಳಿದರು. ಬಸ್ ನಿಲ್ದಾಣದಲ್ಲಿ ನಿಂತಾಗ ಇಲ್ಲದ ಸಂಕೋಚ ಮತದಾನದ ಸರದಿಯಲ್ಲಿ ನಿಂತಾಗ ಹೇಗೆ ಬಂತೋ ತಾಯಂದಿರೇ ಹೇಳಬೇಕು. ಅವರನ್ನು ಯಾರೂ ಕೇಳಿದಂತಿಲ್ಲ. ಇನ್ನು ಪೊಲೀಸ್ ಠಾಣೆಗಳು. ಪ್ರತಿ ಠಾಣೆಯಲ್ಲೂ ಕತ್ತಲಲ್ಲೂ ಕಾಣುವ, ಮಾತೂ ಕೇಳಿಸುವ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶಿಸಿತ್ತು. ಐದು ವರ್ಷ ತುಂಬುವ ಹೊತ್ತಿಗೆ, 2025ರ ಸೆಪ್ಟೆಂಬರ್‌ನಲ್ಲಿ, ಕ್ಯಾಮೆರಾ ಕೊರತೆಯ ಬಗ್ಗೆ ಕೋರ್ಟೇ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಇಳಿಯಬೇಕಾಯಿತು. ಲಾಕಪ್ಪಿಗೂ ಒಂದು ಮಾನ ಮರ್ಯಾದೆ ಇರುತ್ತದೆಯಷ್ಟೆ.

ಹೀಗಾಗಿ ಖಾಸಗಿತನ ಬೇಕೆಂದರೆ ಸರ್ಕಾರವೇ ಆಗಬೇಕು ಎಂದು ನಾನು ನಿರ್ಧರಿಸಿದ್ದೇನೆ. ಎರಡು ಕೋಣೆ, ಒಂದು ಅಡುಗೆಮನೆ, ಒಂದು ಜಗಲಿಯುಳ್ಳ ನಮ್ಮ ಮನೆಯನ್ನು 17ನೇ ಸೆಕ್ಷನ್ ಅಡಿಯಲ್ಲಿ ಅಂಗಸಂಸ್ಥೆಯೆಂದು ಘೋಷಿಸಬೇಕೆಂದು ಅರ್ಜಿ ಸಿದ್ಧಪಡಿಸಿದ್ದೇನೆ. ತಿಂಗಳ ಹಾಲಿನ ಬಾಕಿ, ಚೀಟಿ ಹಣ, ನನ್ನ ಸಕ್ಕರೆ ಕಾಯಿಲೆಯ ವರದಿ ಇವೆಲ್ಲವೂ ಇನ್ನು ಮುಂದೆ ರಾಷ್ಟ್ರೀಯ ಭದ್ರತೆಯ ವಿಷಯಗಳು. ಸಂಬಳದ ಲೆಕ್ಕ ಕೇಳಿದರೆ ಮುಚ್ಚಿದ ಲಕೋಟೆಯಲ್ಲಿ ಸಲ್ಲಿಸಲಾಗುವುದು ಎಂದೂ ಕೊನೆಯ ಕಂಡಿಕೆಯಲ್ಲಿ ಸೇರಿಸಿದ್ದೆ.

ಕರಡನ್ನು ಹೆಂಡತಿ ಓದಿದಳು. ನಮ್ಮ ಮನೆಯಲ್ಲಿ ಮಾಹಿತಿ ಹಕ್ಕಿಗೆ ಇನ್ನೂ ತಿದ್ದುಪಡಿಯಾಗಿಲ್ಲ.

“ಲಕೋಟೆ ಮುಚ್ಚಿಯೇ ಇರಲಿ, ತೊಂದರೆಯಿಲ್ಲ” ಎಂದಳು. “ಸಾರಿನ ಪಾತ್ರೆಯನ್ನು ನಾನೂ ತೆರೆಯುವುದಿಲ್ಲ.”