ಮೂರನೆಯ ಸೀಸನ್‌ನಲ್ಲಾದರೂ ಅವರ ಪಾಪ ಅವರದಾಗಿಯೇ ಇರಲಿ

ಹೌಸ್ ಆಫ್ ದಿ ಡ್ರ್ಯಾಗನ್ ಟಿವಿ ಸರಣಿ ಮತ್ತೆ ಬರುತ್ತಿದೆ. ಮೊದಲ ಸೀಸನ್ 2022ರ ಆಗಸ್ಟ್‌ನಲ್ಲಿ ಬಂದಿತ್ತು, ಎರಡನೆಯದು 2024ರ ಜೂನ್‌ನಲ್ಲಿ. ಮೂರನೆಯದಕ್ಕೆ 2026ರವರೆಗೆ ಕಾಯಿಸಿದರು. ಮೊದಲ ಕಂತು ನೋಡುವಾಗ ಪಿಯುಸಿಯಲ್ಲಿದ್ದ ನನ್ನ ಅಣ್ಣನ ಮಗ ಈಗ ಇಂಜಿನಿಯರಿಂಗ್ ಮೂರನೆಯ ವರ್ಷದಲ್ಲಿದ್ದಾನೆ. ಕಲಬುರಗಿಯಲ್ಲಿ ನನ್ನ ಸುತ್ತ ಈ ಸರಣಿ ನೋಡುವವರು ಬೆರಳೆಣಿಕೆಯಷ್ಟೇನಲ್ಲ, ಸಾಕಷ್ಟು ಜನರಿದ್ದಾರೆ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಇಷ್ಟು ಕಾಯಿಸಿದ್ದಕ್ಕೆ ತಕ್ಕದ್ದನ್ನು ಕೊಡುತ್ತಾರೆಯೇ?

ನೋಡದವರಿಗಾಗಿ ಕತೆಯ ಎಳೆ ಹೇಳುತ್ತೇನೆ. ವೆಸ್ಟರೋಸ್ ಎಂಬ ಕಲ್ಪಿತ ನಾಡು. ಅದನ್ನು ಆಳುವ ಟಾರ್ಗೇರಿಯನ್ ಮನೆತನದವರ ಬಳಿ ಬೆಂಕಿಯುಗುಳುವ ಡ್ರ್ಯಾಗನ್‌ಗಳಿವೆ. ರಾಜ ವಿಸೆರಿಸ್ ತನ್ನ ಮಗಳು ರೆನೀರಾಳೇ ಉತ್ತರಾಧಿಕಾರಿ ಎಂದು ದರ್ಬಾರಿನಲ್ಲಿ ಸಾರಿ, ಸಾಮಂತರಿಂದ ಪ್ರಮಾಣ ಮಾಡಿಸುತ್ತಾನೆ. ಆಮೇಲೆ ಮಗಳ ಗೆಳತಿ ಅಲಿಸೆಂಟ್‌ಳನ್ನೇ ಮದುವೆಯಾಗುತ್ತಾನೆ, ಅವಳಿಗೆ ಗಂಡುಮಕ್ಕಳಾಗುತ್ತವೆ. ರಾಜ ಸತ್ತದ್ದೇ ತಡ, ಅಲಿಸೆಂಟ್‌ಳ ಕಡೆಯವರು ಹಿರಿಯ ಮಗ ಏಗಾನ್‌ಗೆ ಪಟ್ಟ ಕಟ್ಟುತ್ತಾರೆ. ಅಲ್ಲಿಂದ ಒಂದೇ ಮನೆಯವರ ನಡುವೆ ಯುದ್ಧ. ಜಾರ್ಜ್ ಆರ್. ಆರ್. ಮಾರ್ಟಿನ್ 2018ರಲ್ಲಿ ಪ್ರಕಟಿಸಿದ ‘ಫೈರ್ ಅಂಡ್ ಬ್ಲಡ್’ ಇದಕ್ಕೆ ಮೂಲ.

ಅಮೆರಿಕದಲ್ಲಿ ಭಾನುವಾರ ರಾತ್ರಿ ಬರುವ ಕಂತು ನಮಗೆ ಸೋಮವಾರ ಬೆಳಿಗ್ಗೆ ಸಿಗುತ್ತದೆ. ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಎರಡನೆಯ ಸೀಸನ್ ನಡೆಯುತ್ತಿದ್ದಾಗ ಸೋಮವಾರದ ಪ್ರಾರ್ಥನೆ ಮುಗಿದ ಕೂಡಲೇ ಸ್ಟಾಫ್ ರೂಮ್‌ನಲ್ಲಿ ಇದರದೇ ಮಾತು. ಇನ್ನೂ ನೋಡಿರದ ಗಣಿತದ ಮೇಷ್ಟ್ರು ಕತೆ ಮೊದಲೇ ತಿಳಿಯಬಾರದೆಂದು ಕಿವಿ ಮುಚ್ಚಿಕೊಂಡು ತರಗತಿಗೆ ಓಡುತ್ತಿದ್ದರು.

ಅಣ್ಣನ ಮಗನ ದೂರು ಎಲ್ಲ ಹುಡುಗರದೂ ಹೌದು. “ಅತ್ತೆ, ಎಂಟು ಕಂತು ಬರೀ ಸಿದ್ಧತೆ ತೋರಿಸಿದರು. ಸೈನ್ಯ ಹೊರಟಿತು, ಹಡಗು ಹೊರಟಿತು, ಅಷ್ಟರಲ್ಲಿ ಮುಗಿಸಿಬಿಟ್ಟರು” ಎನ್ನುತ್ತಾನೆ. ಅವನ ಮಾತಿನಲ್ಲಿ ನ್ಯಾಯವಿದೆ. ಮೊದಲ ಸೀಸನ್‌ನಲ್ಲಿ ಹತ್ತು ಕಂತುಗಳಿದ್ದವು, ಎರಡನೆಯದರಲ್ಲಿ ಎಂಟಾದವು. ಅಲ್ಲೇ ಬರಬೇಕಿದ್ದ ಗಲೆಟ್ ಜಲಸಂಧಿಯ ದೊಡ್ಡ ನೌಕಾಯುದ್ಧ ಮೂರನೆಯದಕ್ಕೆ ಜಾರಿತು. ರೆನೀರಾಳ ಗಂಡ ಡೇಮನ್‌ನಂಥ ಕಡುಕೋಪಿಯನ್ನು ಹ್ಯಾರನ್‌ಹಾಲ್ ಎಂಬ ಪಾಳು ಕೋಟೆಯಲ್ಲಿ ಕೂರಿಸಿ ವಾರಗಟ್ಟಲೆ ಕನಸು ಕಾಣಿಸಿದರು. ನನಗೆ ಆ ಕೋಟೆಯ ದೃಶ್ಯಗಳು ಇಷ್ಟವಾದವು, ಆದರೆ ಅವುಗಳಲ್ಲಿ ಅರ್ಧ ಸಾಕಾಗಿತ್ತು.

ಇನ್ನು ಕೆಲವರಿಗೆ ನಂಬಿಕೆಯೇ ಉಳಿದಿಲ್ಲ. ಇದೇ ಲೋಕದ ಮೊದಲ ಸರಣಿ ಗೇಮ್ ಆಫ್ ಥ್ರೋನ್ಸ್ 2019ರಲ್ಲಿ ಮುಗಿದ ರೀತಿಗೆ ಅವರಿನ್ನೂ ಕುದಿಯುತ್ತಿದ್ದಾರೆ. ಕೊನೆಯ ಸೀಸನ್ ಅನ್ನು ಬೇರೆ ಬರಹಗಾರರಿಂದ ಮತ್ತೆ ಮಾಡಿಸಿ ಎಂದು ಹತ್ತು ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದ್ದರು. ಎಂಟು ವರ್ಷ ನಂಬಿ ನೋಡಿದವರ ಸಿಟ್ಟು ಅದು. ಪುಸ್ತಕ ಓದಿದವರದು ಬೇರೆ ಪಟ್ಟಿ: ಆ ಪಾತ್ರ ಬಿಟ್ಟರು, ಈ ಮಗುವನ್ನು ಬಿಟ್ಟರು. ಮಾರ್ಟಿನ್ ಅವರೇ 2024ರ ಸೆಪ್ಟೆಂಬರ್‌ನಲ್ಲಿ ಏಗಾನ್‌ನ ಹೆಂಡತಿ ಹೆಲೇನಾಳ ಕಿರಿಯ ಮಗನನ್ನು ಕತೆಯಿಂದ ತೆಗೆದದ್ದರ ಬಗ್ಗೆ ಬಹಿರಂಗವಾಗಿ ಬರೆದು, ಸ್ವಲ್ಪ ಹೊತ್ತಿನಲ್ಲೇ ಆ ಬರಹವನ್ನು ತೆಗೆದುಹಾಕಿದರು.

ನನ್ನ ತಕರಾರು ಆ ಮಗುವಿನ ಹತ್ತಿರವೇ ಇದೆ, ಆದರೆ ಅದಕ್ಕಿಂತ ದೊಡ್ಡದು. ಕತೆ ನಿಧಾನವಾಯಿತು, ಪಾತ್ರ ಕಡಿಮೆಯಾಯಿತು ಎಂಬುದನ್ನೆಲ್ಲ ನಾನು ಸಹಿಸಬಲ್ಲೆ. ಈ ಸರಣಿ ತನ್ನ ಜನರ ಅಪರಾಧಗಳನ್ನು ಒಂದೊಂದಾಗಿ ಅಪಘಾತಗಳನ್ನಾಗಿ ಮಾಡುತ್ತಿದೆ. ಅದನ್ನು ಸಹಿಸಲಾರೆ.

ಯುದ್ಧ ಹೇಗೆ ಶುರುವಾಯಿತು ನೋಡಿ. ಪುಸ್ತಕದಲ್ಲಿ ಅಲಿಸೆಂಟ್ ಮತ್ತು ಅವಳ ಕಡೆಯವರಿಗೆ ಸಿಂಹಾಸನ ಬೇಕಿತ್ತು, ತೆಗೆದುಕೊಂಡರು. ಸರಣಿಯಲ್ಲಿ ಸಾಯುತ್ತಿರುವ ವಿಸೆರಿಸ್ ಹಳೆಯ ಭವಿಷ್ಯವಾಣಿಯೊಂದನ್ನು ತೊದಲುತ್ತಾನೆ. ಅದರಲ್ಲಿ ಬರುವ ಏಗಾನ್ ಪೂರ್ವಜ. ತನ್ನ ಮಗ ಏಗಾನ್‌ನೇ ರಾಜನಾಗಲಿ ಎಂದು ಗಂಡ ಹೇಳಿದನೆಂದು ಅಲಿಸೆಂಟ್ ತಿಳಿಯುತ್ತಾಳೆ. ಒಂದು ರಾಜ್ಯ ಸುಟ್ಟು ಬೂದಿಯಾಗಲು ಕಾರಣ ಕಿವಿಗೆ ಸರಿಯಾಗಿ ಕೇಳಿಸದ ಮಾತು! ಅದಾದ ಮೇಲೆ ಏಗಾನ್‌ನ ತಮ್ಮ ಏಮಂಡ್. ತನ್ನ ಕಣ್ಣು ಕಿತ್ತ ರೆನೀರಾಳ ಮಗ ಲೂಸೆರಿಸ್‌ನನ್ನು ಬಿರುಗಾಳಿಯ ಆಕಾಶದಲ್ಲಿ ಅಟ್ಟಿಸಿಕೊಂಡು ಹೋಗುತ್ತಾನೆ. ಪುಸ್ತಕದಲ್ಲಿ ಅದು ಸೇಡು. ಸರಣಿಯಲ್ಲಿ ಹುಡುಗನನ್ನು ಬರಿದೇ ಹೆದರಿಸಲು ಹೋದವನ ಮಾತನ್ನು ಡ್ರ್ಯಾಗನ್ ಕೇಳುವುದಿಲ್ಲ, ಹುಡುಗ ಸಾಯುತ್ತಾನೆ, ಏಮಂಡ್‌ನ ಮುಖ ಬಿಳಿಚಿಕೊಳ್ಳುತ್ತದೆ.

ಎರಡನೆಯ ಸೀಸನ್‌ನ ಮೊದಲ ಕಂತಿನಲ್ಲಿ ರೆನೀರಾ ಇಡೀ ಹೊತ್ತು ಮಗನ ಗುರುತು ಹುಡುಕುತ್ತಾ ಅಲೆದು, ಕೊನೆಗೆ ಬಂದು ಒಂದೇ ಮಾತು ಆಡುತ್ತಾಳೆ: ಏಮಂಡ್ ಬೇಕು ಎಂದು. ಆ ಒಂದು ಮಾತಿಗೆ ನನ್ನ ಎದೆ ಝಲ್ಲೆಂದಿತು. ಇದೋ, ಈ ಹೆಣ್ಣು ಈಗ ಯುದ್ಧವನ್ನು ತನ್ನದಾಗಿ ಮಾಡಿಕೊಂಡಳು ಎಂದುಕೊಂಡೆ. ಆದರೆ ಕೊಲೆಗಾರರು ಅರಮನೆಗೆ ನುಗ್ಗಿ ಏಮಂಡ್ ಸಿಗದೆ ಹೆಲೇನಾಳ ಪುಟ್ಟ ಮಗನನ್ನು ಕೊಂದಾಗ ರೆನೀರಾಳಿಗೆ ಅದರ ಅರಿವೇ ಇರಲಿಲ್ಲವೆಂದು ತೋರಿಸಿ ಅವಳ ಕೈ ತೊಳೆದುಬಿಟ್ಟರು. ಪುಸ್ತಕದಲ್ಲಿ ಹೆಲೇನಾಳಿಗೆ ಇಬ್ಬರು ಗಂಡುಮಕ್ಕಳು. ಯಾವ ಮಗ ಸಾಯಬೇಕು ಎಂದು ಹೇಳು ಎಂದು ಕೊಲೆಗಾರರು ಆ ತಾಯಿಯನ್ನು ಹಿಂಸಿಸುತ್ತಾರೆ. ಅವಳು ಕಿರಿಯವನ ಹೆಸರು ಹೇಳಿದಾಗ ಹಿರಿಯವನನ್ನು ಕೊಲ್ಲುತ್ತಾರೆ. ಉಳಿದ ಕಿರಿಯ ಮಗನ ಮುಖವನ್ನು ಆ ತಾಯಿ ಇನ್ನು ಹೇಗೆ ನೋಡಬೇಕು? ಮಾರ್ಟಿನ್ ಹೇಳಿದ್ದು ಇದನ್ನೇ. ಆ ಕಿರಿಯ ಮಗ ಇಲ್ಲದ ಸರಣಿಯಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ.

ಹೀಗೇಕೆ ಮಾಡುತ್ತಾರೆ? ಅಧಿಕಾರ ಬಯಸುವ ಹೆಣ್ಣನ್ನು ನೋಡುಗರು ದ್ವೇಷಿಸುತ್ತಾರೆಂಬ ಭಯ ಬರೆದವರಿಗಿದೆ ಎಂದು ನನಗನ್ನಿಸುತ್ತದೆ. ಆದ್ದರಿಂದ ಗಂಡಸರೆಲ್ಲ ಯುದ್ಧ ಬೇಕೆನ್ನುತ್ತಾರೆ, ಹೆಂಗಸರಿಬ್ಬರು ಶಾಂತಿ ಬೇಕೆನ್ನುತ್ತಾರೆ. ರೆನೀರಾ ವೇಷ ಮರೆಸಿಕೊಂಡು ಶತ್ರುವಿನ ನಗರದ ದೇಗುಲಕ್ಕೆ ಹೋಗಿ ಅಲಿಸೆಂಟ್‌ಳನ್ನು ಕಾಣುತ್ತಾಳೆ. ಕೊನೆಯ ಕಂತಿನಲ್ಲಿ ಅಲಿಸೆಂಟ್ ರೆನೀರಾಳ ಕೋಟೆಗೆ ಬರುತ್ತಾಳೆ. ಒಲಿವಿಯಾ ಕುಕ್ ಮತ್ತು ಎಮ್ಮಾ ಡಾರ್ಸಿ ಇಬ್ಬರ ನಟನೆಯೂ ಅಪ್ಪಟ ಚಿನ್ನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಣ್ಣಿಗೆ ಗೌರವ ಕೊಡುತ್ತೇವೆಂದು ಹೊರಟವರು ಅವಳ ಆಸೆಯನ್ನು, ಹಟವನ್ನು, ಕ್ರೌರ್ಯವನ್ನು ಕಸಿದುಕೊಂಡು ಅವಳನ್ನು ಅರ್ಧ ಮಾಡಿದರು. ನಾನು ಹೆಣ್ಣಾಗಿ ಇದನ್ನು ಒಪ್ಪುವುದಿಲ್ಲ.

ಕಲಬುರಗಿಯವರಿಗೆ ಇದನ್ನು ಹೇಳುವುದು ಸುಲಭ. ಇಲ್ಲಿ 1347ರಿಂದ ಎಪ್ಪತ್ತಕ್ಕೂ ಹೆಚ್ಚು ವರ್ಷ ಬಹಮನಿಗಳ ರಾಜಧಾನಿ ಇತ್ತು, ಸಿಂಹಾಸನಕ್ಕಾಗಿ ಒಂದೇ ಮನೆಯವರು ಒಬ್ಬರನ್ನೊಬ್ಬರು ಕೊಂದರು. 1378ರಲ್ಲಿ ಸುಲ್ತಾನ ಮುಜಾಹಿದ್ ಷಾನನ್ನು ಅವನ ಚಿಕ್ಕಪ್ಪ ದಾವೂದ್ ಕೊಲ್ಲಿಸಿ ಪಟ್ಟವೇರಿದ. ಮುಜಾಹಿದ್‌ನ ತಂಗಿ ರೂಹ್ ಪರ್ವರ್ ಆಗಾ ಅಳುತ್ತಾ ಕೂರಲಿಲ್ಲ. ಒಂದು ತಿಂಗಳು ಕಳೆದು ಕೆಲವೇ ದಿನಗಳಲ್ಲಿ ದಾವೂದ್ ಮಸೀದಿಯಲ್ಲಿ ನಮಾಜಿನ ವೇಳೆ ಕೊಲೆಯಾದ. ಕೊಲ್ಲಿಸಿದವಳು ಅವಳು. ಅಷ್ಟಕ್ಕೇ ನಿಲ್ಲಲಿಲ್ಲ. ದಾವೂದ್‌ನ ಮಗ ಸಂಜರ್ ಮುಂದೆ ಪಟ್ಟ ಕೇಳಬಾರದೆಂದು ಆ ಹುಡುಗನ ಕಣ್ಣು ಕೀಳಿಸಿದಳು. ತಾನು ಆರಿಸಿದ ಎರಡನೆಯ ಮುಹಮ್ಮದ್‌ನನ್ನು ಸಿಂಹಾಸನದಲ್ಲಿ ಕೂರಿಸಿದಳು. ಅವನು 1397ರವರೆಗೆ ನೆಮ್ಮದಿಯಿಂದ ಆಳಿದ.

ಈ ಹೆಣ್ಣಿನ ಬಗ್ಗೆ ಏನನ್ನಿಸಬೇಕು? ಅಣ್ಣನ ಸಾವಿಗೆ ಸೇಡು ತೀರಿಸಿಕೊಂಡವಳು. ಮಗುವಿನ ಕಣ್ಣು ಕೀಳಿಸಿದವಳು. ನಾಡಿಗೆ ಎರಡು ದಶಕದ ಶಾಂತಿ ಕೊಟ್ಟವನನ್ನು ಆರಿಸಿದವಳು. ಮೂರೂ ಅವಳೇ. ಯಾವುದನ್ನೂ ತಪ್ಪಾಗಿ ಕೇಳಿಸಿಕೊಂಡು ಮಾಡಲಿಲ್ಲ. ಮಕ್ಕಳನ್ನು ಹಫ್ತ್ ಗುಂಬಜ್‌ಗೆ ಕರೆದುಕೊಂಡು ಹೋದಾಗಲೆಲ್ಲ ನಾನು ಈ ಕತೆ ಹೇಳುತ್ತೇನೆ. ಮುಜಾಹಿದ್‌ನ ಸಮಾಧಿಯೂ ದಾವೂದ್‌ನ ಸಮಾಧಿಯೂ ಅಲ್ಲಿ ಒಂದೇ ಆವರಣದಲ್ಲಿವೆ, ಕೊಂದವನು ಮತ್ತು ಕೊಲೆಯಾದವನು ನಡೆದು ತಲುಪುವಷ್ಟು ಹತ್ತಿರದಲ್ಲಿ. “ಹಾಗಾದರೆ ಅವಳು ಒಳ್ಳೆಯವಳೋ ಕೆಟ್ಟವಳೋ, ಮಿಸ್?” ಎಂದು ಯಾವಾಗಲೂ ಒಂದು ಹುಡುಗಿ ಕೇಳುತ್ತಾಳೆ. ಬಸ್ಸಿನಲ್ಲಿ ವಾಪಸ್ ಬರುವವರೆಗೂ ಮಕ್ಕಳು ಜಗಳವಾಡುತ್ತಾರೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅರಗಿಸಿಕೊಳ್ಳಲು ಸಾಧ್ಯವಾದದ್ದು ಜಗತ್ತಿನ ದೊಡ್ಡ ದೊಡ್ಡ ವಾಹಿನಿಗಳ ನೋಡುಗರಿಗೆ ಸಾಧ್ಯವಾಗುವುದಿಲ್ಲವೇ?

ಬಹಮನಿಗಳ ಬಗ್ಗೆ ನಮಗೆ ತಿಳಿದಿರುವುದರಲ್ಲಿ ಬಹುಪಾಲು ಚರಿತ್ರೆಕಾರ ಫೆರಿಷ್ತಾ ಬರೆದದ್ದು. ಅವನು ಬರೆದದ್ದು ವಿಜಯಪುರದ ಆದಿಲ್ ಷಾಹಿ ದರ್ಬಾರಿನಲ್ಲಿ, ಈ ಘಟನೆಗಳಾಗಿ ಇನ್ನೂರು ವರ್ಷ ದಾಟಿದ ಮೇಲೆ. 1422ರಲ್ಲಿ ಫಿರೋಜ್ ಷಾನಿಂದ ಅವನ ತಮ್ಮ ಅಹ್ಮದ್ ಷಾ ಸಿಂಹಾಸನ ಪಡೆದದ್ದರ ಬಗ್ಗೆಯೂ ಒಂದೇ ಮಾತಿಲ್ಲ. ಫಿರೋಜ್‌ನಿಗೆ ತನ್ನ ಮಗ ರಾಜನಾಗಬೇಕಿತ್ತು, ಸೂಫಿ ಸಂತ ಖ್ವಾಜಾ ಬಂದೇ ನವಾಜ್ ಅವರ ಒಲವು ಅಹ್ಮದ್‌ನ ಕಡೆಗಿತ್ತು. ಪಟ್ಟ ಬಿಟ್ಟುಕೊಟ್ಟ ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡ. ಸಹಜ ಸಾವು ಎಂದವರೂ ಇದ್ದಾರೆ, ಕೊಲೆ ಎಂದವರೂ ಇದ್ದಾರೆ. ಆ ಅಹ್ಮದ್ ಷಾ ರಾಜಧಾನಿಯನ್ನು ಬೀದರ್‌ಗೆ ಒಯ್ದ. ಇಂದು ಬೀದರ್ ಬಳಿಯ ಅಷ್ಟೂರಿನ ಅವನ ಸಮಾಧಿಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಾಗಿ ಹೋಗಿ ‘ವಲಿ’ ಎಂದು ನಮಿಸುತ್ತಾರೆ. ಅಣ್ಣನ ಪಟ್ಟ ಕಿತ್ತುಕೊಂಡವನೂ ಸಂತನೂ ಒಬ್ಬನೇ ಆಗಿರಬಹುದೆಂಬುದು ನಮ್ಮ ಭಾಗದ ಜನರಿಗೆ ಹೊಸ ವಿಷಯವೇ ಅಲ್ಲ. ಅದೇ ಅಷ್ಟೂರಿನಲ್ಲಿ ಜನ ‘ಜಾಲಿಮ್’, ಅಂದರೆ ಕ್ರೂರಿ, ಎಂದು ಕರೆದ ಬಹಮನಿ ಸುಲ್ತಾನ ಹುಮಾಯೂನ್‌ನ ಗೋರಿಯೂ ಇದೆ. ಸಿಡಿಲು ಬಡಿದು ಬಿತ್ತೆಂದು ಹೇಳುವ ಅದರ ಗುಮ್ಮಟದ ಅರ್ಧ ಮಾತ್ರ ನಿಂತಿದೆ, ದಪ್ಪ ಗೋಡೆಯ ಒಳಪದರಗಳೆಲ್ಲ ಬಯಲಲ್ಲಿ ಕಾಣುತ್ತವೆ. ಅವನಿಗೆ ತಕ್ಕ ಶಿಕ್ಷೆಯಾಯಿತೆಂದು ಊರವರು ಇಂದಿಗೂ ತೋರಿಸುತ್ತಾರೆ. ಪಾಪವನ್ನು ಪಾಪವೆಂದೇ ನೆನಪಿಟ್ಟುಕೊಳ್ಳುವ ಜನ ನಾವು.

ಮಾರ್ಟಿನ್ ಅವರ ಪುಸ್ತಕದ ಜಾಣ್ಮೆಯೂ ಇದೇ. ಅದು ಕಾದಂಬರಿಯಂತಿಲ್ಲ, ಚರಿತ್ರೆಯಂತಿದೆ. ಒಬ್ಬ ಪುರೋಹಿತ ಒಂದು ಹೇಳುತ್ತಾನೆ, ಅರಮನೆಯ ವಿದೂಷಕ ಇನ್ನೊಂದು ಹೇಳುತ್ತಾನೆ, ಯಾವುದನ್ನು ನಂಬಬೇಕೆಂಬುದು ಓದುಗರಿಗೆ ಬಿಟ್ಟದ್ದು. ಹಾಗಾಗಿ ನಿರ್ಮಾತೃ ರಯಾನ್ ಕಾಂಡಲ್ ಬದಲಾವಣೆ ಮಾಡಿದ್ದೇ ತಪ್ಪು ಎಂದು ನಾನು ಹೇಳುವುದಿಲ್ಲ. ಬದಲಾವಣೆಗಳು ಒಂದೇ ದಿಕ್ಕಿಗೆ ವಾಲುತ್ತಿವೆ, ನನ್ನ ಜಗಳ ಅದರ ಮೇಲೆ.

ಅವರಿಗೆ ಬೇರೆ ರೀತಿ ಮಾಡಲು ಬರುವುದಿಲ್ಲ ಎಂದೂ ಅಲ್ಲ. ಎರಡನೆಯ ಸೀಸನ್‌ನ ನಾಲ್ಕನೆಯ ಕಂತನ್ನೇ ನೋಡಿ. ರೂಕ್ಸ್ ರೆಸ್ಟ್ ಕೋಟೆಯ ಮೇಲೆ ಏಗಾನ್‌ನ ಡ್ರ್ಯಾಗನ್ ರೆನೀರಾಳ ಕಡೆಯ ರೆನಿಸ್‌ಳ ಡ್ರ್ಯಾಗನ್ ಜೊತೆ ಕಚ್ಚಾಡುತ್ತಿದೆ. ಏಮಂಡ್ ಕಾಯುತ್ತಾನೆ. ಕೆಳಗೆ ಅಣ್ಣನೂ ಇದ್ದಾನೆಂದು ಅವನಿಗೆ ಗೊತ್ತು. ಗೊತ್ತಿದ್ದೇ ಬೆಂಕಿಗೆ ಆಜ್ಞೆ ಕೊಡುತ್ತಾನೆ. ಇಲ್ಲಿ ಡ್ರ್ಯಾಗನ್ ಮಾತು ಕೇಳಿಲ್ಲ ಎಂಬ ನೆಪವಿಲ್ಲ. ಆ ಬೆಂಕಿ ಏರಿದ ಕ್ಷಣ ನನ್ನ ಪಕ್ಕದಲ್ಲಿ ಕೂತಿದ್ದ ಅತ್ತಿಗೆ, ಆವರೆಗೆ ಕತೆ ಅರ್ಥವಾಗುತ್ತಿಲ್ಲ ಎನ್ನುತ್ತಿದ್ದವರು, “ಅಯ್ಯೋ, ಒಡಹುಟ್ಟಿದವನು!” ಎಂದು ಎದ್ದು ನಿಂತರು. ಅವರಿಗೆ ಯಾರ ಹೆಸರೂ ಗೊತ್ತಿರಲಿಲ್ಲ.

ಏಳನೆಯ ಕಂತಿನಲ್ಲಿ ರೆನೀರಾ ಡ್ರ್ಯಾಗನ್ ಏರಬಲ್ಲ ರಕ್ತವಿದೆಯೆಂದು ನಂಬಿ ಬಂದ ಬಡವರನ್ನು ವರ್ಮಿಥಾರ್ ಎಂಬ ಡ್ರ್ಯಾಗನ್‌ನ ಮುಂದೆ ನಿಲ್ಲಿಸುತ್ತಾಳೆ. ಜನ ಸುಟ್ಟು ಕರಕಲಾಗುತ್ತಾರೆ, ಅವಳು ಮೇಲಿನಿಂದ ನೋಡುತ್ತಾಳೆ. ಅವಳ ಮುಖದಲ್ಲಿ ಭಯದ ಜೊತೆಗೆ ಒಂದು ಹೊಳಪು ಬರುತ್ತದೆ. ಇವಳೇ ನಾನು ಎರಡು ಸೀಸನ್ ಕಾಯುತ್ತಿದ್ದ ರೆನೀರಾ. ಅವಳ ಮೇಲೆ ನನಗೆ ಅಸಹ್ಯವಾಯಿತು, ಆದರೂ ಅವಳೇ ಗೆಲ್ಲಲಿ ಎನ್ನಿಸಿತು. ಒಳ್ಳೆಯ ಕತೆ ಮಾಡಬೇಕಾದ ಕೆಲಸ ಅದು.

ಡ್ರ್ಯಾಗನ್ ಹೆಚ್ಚಾದರೆ ಎಲ್ಲ ಸರಿಹೋಗುತ್ತದೆ ಎಂದು ಹುಡುಗರು ನಂಬಿದ್ದಾರೆ. ಇದೇ ಲೋಕದ ಇನ್ನೊಂದು ಕತೆ, ಎ ನೈಟ್ ಆಫ್ ದಿ ಸೆವೆನ್ ಕಿಂಗ್‌ಡಮ್ಸ್, 2026ರ ಜನವರಿಯಲ್ಲಿ ಬಂತು. ಆರೇ ಕಂತು, ಹಾರುವ ಡ್ರ್ಯಾಗನ್ ಇಲ್ಲ, ಒಬ್ಬ ಬಡ ಯೋಧ ಮತ್ತು ಒಬ್ಬ ಬೋಳುತಲೆಯ ಹುಡುಗ. ನಮ್ಮ ಮನೆಯಲ್ಲಿ ಅದನ್ನು ಎಲ್ಲರೂ ನೋಡಿದರು. ಇಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಒಟ್ಟು ನಾಲ್ಕು ಸೀಸನ್‌ಗಳಿಗೆ ಕತೆ ಮುಗಿಸುವುದಾಗಿ ಹೇಳಿದ್ದಾರೆ. ಅಂದರೆ ಉಳಿದಿರುವುದು ಎರಡು. ನೌಕಾಯುದ್ಧ ಚೆನ್ನಾಗಿಯೇ ಬರುತ್ತದೆ, ದುಡ್ಡು ಸುರಿದಿದ್ದಾರೆ, ಅದರ ಬಗ್ಗೆ ನನಗೆ ಚಿಂತೆಯಿಲ್ಲ. ನಾನು ಕಾಯುತ್ತಿರುವುದು ರೆನೀರಾ ರಾಜಧಾನಿಗೆ ಬಂದು ಆಳಲು ಕೂರುವ ದಿನಗಳಿಗೆ. ಪುಸ್ತಕದಲ್ಲಿ ಖಜಾನೆ ಬರಿದಾಗಿರುತ್ತದೆ, ತೆರಿಗೆ ಏರುತ್ತದೆ, ಅವಳಿಗೆ ಯಾರ ಮೇಲೂ ನಂಬಿಕೆ ಇರುವುದಿಲ್ಲ, ಸ್ವಾಗತಿಸಿದ ಜನರೇ ಶಪಿಸತೊಡಗುತ್ತಾರೆ. ಮುಂದಿನದನ್ನು ಬರೆಯುವುದಿಲ್ಲ, ಓದದವರಿದ್ದಾರೆ. ಆ ತೆರಿಗೆ ಅವಳದೇ ಆಜ್ಞೆಯಾಗಿರಲಿ, ಆ ಸಂಶಯ ಅವಳದೇ ಆಗಿರಲಿ. ಯಾರೋ ಕೆಟ್ಟ ಮಂತ್ರಿ ಅವಳಿಗೆ ತಿಳಿಯದಂತೆ ಮಾಡಿದ ಎಂದು ತೋರಿಸಿದರೆ ನಾನು ನಾಲ್ಕನೆಯ ಸೀಸನ್ ನೋಡುವುದಿಲ್ಲ. ಇದನ್ನು ಅಣ್ಣನ ಮಗನಿಗೂ ಹೇಳಿದ್ದೇನೆ. “ನೋಡೇ ನೋಡುತ್ತೀರಿ ಅತ್ತೆ” ಎಂದ. ಇಲ್ಲ, ನೋಡುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಇದನ್ನು ನೋಡುವವರು ಇನ್ನೂ ಇದ್ದರೆ ಏನನ್ನಿಸುತ್ತದೆ ಎಂದು ಬರೆಯಿರಿ. ಪುಸ್ತಕ ಓದಿದವರು ಯಾರು ಯಾವಾಗ ಸಾಯುತ್ತಾರೆಂಬುದನ್ನು ಮಾತ್ರ ದಯವಿಟ್ಟು ಇಲ್ಲಿ ಹಾಕಬೇಡಿ. ನಮ್ಮ ಗಣಿತದ ಮೇಷ್ಟ್ರೂ ಇದನ್ನು ಓದುತ್ತಾರೆ.