ಗವಾನ್ ಮದರಸಾದ ಬಿದ್ದ ಮಿನಾರ್ ಮತ್ತೆ ಕಟ್ಟಬೇಕಾ?

ಪರ: ಕಟ್ಟಲಿ ಬಿಡಿ

ಬೀದರಿನ ಚೌಬಾರಾ ಗೋಪುರದಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ ಮದರಸಾ ಸಿಗುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ, ಮೊದಲ ಪ್ರಶ್ನೆ ಇದೇ: "ಇನ್ನೊಂದು ಎಲ್ಲಿ?" 1472ರಲ್ಲಿ ಬಹಮನಿ ವಜೀರ ಮಹಮೂದ್ ಗವಾನ್ ಕಟ್ಟಿಸಿದಾಗ ಎದುರಿಗೆ ಎರಡು ಮಿನಾರ್ ಇದ್ದವು. ಮೊಗಲರ ಕಾಲದಲ್ಲಿ ಪಾಠ ಹೇಳುವ ಜಾಗದಲ್ಲೇ ಮದ್ದುಗುಂಡು ತುಂಬಿಟ್ಟರು. 1696ರಲ್ಲಿ ಅದು ಸಿಡಿಯಿತು. ಒಂದು ಮಿನಾರ್, ಬಾಗಿಲು, ಮುಂಭಾಗದ ಒಂದಷ್ಟು ಗೋಡೆ ಎಲ್ಲ ಹೋಯಿತು.

ನಕ್ಷೆಗೆ ಅಲೆಯಬೇಕಿಲ್ಲ. ಜೋಡಿ ಅಲ್ಲೇ ನಿಂತಿದೆ, ಅಳತೆ ತೆಗೆದುಕೊಂಡರೆ ಆಯ್ತು. ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ಕುಸಿದಿದ್ದ ಬೀಬಿ ಖಾನಂ ಮಸೀದಿಯ ಗುಮ್ಮಟವನ್ನು ಸೋವಿಯತ್ ಕಾಲದಲ್ಲಿ ಮತ್ತೆ ಎತ್ತಿದರು. ಈಗ ಜನ ಅದನ್ನು ನೋಡೋಕೆ ದೂರದಿಂದ ಬರುತ್ತಾರೆ. ಇನ್ನೊಂದು ಮಾತು: ಕೆಲಸ ಇದ್ದರೆ ಕಸುಬು ಉಳಿಯುತ್ತದೆ. ನಮ್ಮ ಬಿದ್ರಿ ಲೋಹದ ಕುಸುರಿ ಉಳಿದದ್ದೂ ಹಾಗೇ ಅಲ್ವಾ? ಬಣ್ಣದ ಟೈಲ್ಸ್ ಸುಡುವವರು, ಗಾರೆ ಅರೆಯುವವರು ಇದೇ ಊರಿನಲ್ಲಿ ತಯಾರಾಗಲಿ.

ವಿರೋಧ: ಮುಟ್ಟಬೇಡಿ, ಹಿಡಿದು ನಿಲ್ಲಿಸಿ

ಜೋಡಿ ಇದೆ, ಒಪ್ಪಿದೆ. ಆದರೆ ಬಾಗಿಲಿಗೆ ಜೋಡಿ ಎಲ್ಲಿದೆ? ಅದು ಎಷ್ಟು ಎತ್ತರ ಇತ್ತು, ಮೇಲೆ ಏನು ಬರೆದಿತ್ತು, ನೋಡಿ ಬರೆದುಕೊಳ್ಳಲು ಏನೂ ಉಳಿದಿಲ್ಲ. ಬಾಗಿಲು ಬಿಟ್ಟು ಮಿನಾರ್ ಮಾತ್ರ ಎಬ್ಬಿಸಿದರೆ ಸುಮ್ನೆ ಒಂದು ಕಂಬ. ಬಾಗಿಲನ್ನೂ ಕಟ್ಟಿದರೆ ಅದು ಗವಾನನದ್ದಲ್ಲ, ನಮ್ಮ ಇಂಜಿನಿಯರದ್ದು. ಊಹೆ ಶುರುವಾಗುವ ಕಡೆ ಜೀರ್ಣೋದ್ಧಾರ ನಿಲ್ಲಬೇಕು ಅಂತ ಸ್ಮಾರಕಗಳ ಸಂರಕ್ಷಣೆಗೆ ಮಾಡಿದ ಅಂತರರಾಷ್ಟ್ರೀಯ ಒಪ್ಪಂದ, 1964ರ ವೆನಿಸ್ ಸನ್ನದೂ ಹೇಳುತ್ತದೆ.

ಉಳಿದಿರುವ ಮಿನಾರಿನ ಬುಡದಲ್ಲಿ ನಿಂತು ಕತ್ತೆತ್ತಿ. ಟೈಲ್ಸ್ ಅಂಕುಡೊಂಕು ಗೆರೆಯಲ್ಲಿ ಸುತ್ತುತ್ತದೆ. ನಡುನಡುವೆ ಉದುರಿದ ಕಡೆ ಬರೀ ಒರಟು ಗೋಡೆ. ಇದರ ಪಕ್ಕ ಮಿರಿಮಿರಿ ಹೊಸದೊಂದು ನಿಂತರೆ ಹಳೇದೇ ಬಡಪಾಯಿ ಆಗಿಬಿಡುತ್ತದೆ. ಮಕ್ಕಳ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು. ಎರಡೂ ಇದ್ದರೆ ಮದ್ದುಗುಂಡಿನ ಕಥೆ ಯಾರು ಕೇಳುತ್ತಾರೆ?

ಬೀದರಿನ ಪಕ್ಕದ ಅಷ್ಟೂರಿಗೆ ಹೋದವರಿಗೆ ಬಹಮನಿ ಸುಲ್ತಾನ ಹುಮಾಯೂನ್ ಶಾಹನ ಗೋರಿ ಗೊತ್ತಿರುತ್ತದೆ. ಸಿಡಿಲು ಬಡಿದು ಸೀಳಿತು ಅನ್ನುತ್ತಾರೆ. ಅರ್ಧ ಗುಮ್ಮಟ ಕತ್ತರಿಸಿದ ತೆಂಗಿನಕಾಯಿ ಹಾಗೆ ಬಾಯಿ ತೆರೆದು ನಿಂತಿದೆ. ಗೋಡೆ ಎಷ್ಟು ದಪ್ಪ, ಗುಮ್ಮಟ ಹೇಗೆ ಬಾಗಿದೆ ಅನ್ನೋದು ಇಡೀ ಗೋರಿಗಳಲ್ಲಿ ಕಾಣಲ್ಲ, ಇದರಲ್ಲಿ ಕಾಣುತ್ತದೆ. ಅದನ್ನು ಮುಚ್ಚಿ ಅಂತ ಯಾರಾದರೂ ಕೇಳಿದ್ದಾರಾ?

ಖರ್ಚು ಮಾಡಲೇಬೇಕು ಅಂದರೆ ಕೆಲಸ ಬೇಕಾದಷ್ಟಿದೆ. ಟೈಲ್ಸ್ ಉದುರಿದ ಅಂಚಿನಲ್ಲಿ ಮಳೆ ನೀರು ಇಳಿಯುತ್ತದೆ. ಅಲ್ಲಿಗೆ ಸಿಮೆಂಟ್ ಮೆತ್ತಿದರೆ ಕೆಟ್ಟಿತು. ಸಿಮೆಂಟ್ ಉಸಿರಾಡಲ್ಲ. ತೇವ ಒಳಗೇ ಸಿಕ್ಕಿ, ಉಪ್ಪು ಮೇಲೆದ್ದು, ಪಕ್ಕದ ಟೈಲ್ಸನ್ನೂ ಹೊರಗೆ ತಳ್ಳುತ್ತದೆ. ಬೆಲ್ಲದ ನೀರು, ಅಣಲೆಕಾಯಿ ರಸ ಹಾಕಿ ಕೊಳೆಸಿದ ಸುಣ್ಣದ ಗಾರೆಯೇ ಬೇಕು. ಗಾರೆ ಅರೆಯುವವರಿಗೆ ಕೆಲಸ ಕೊಡಬೇಕು ಅಂದಿರಲ್ಲ, ಆ ಅಂಚಿನಿಂದಲೇ ಶುರು ಮಾಡಿಸಿ.