ಅವರ ನಗುವನ್ನೂ ಹೇಳಿ

ನಿನ್ನೆ ಆನ್‌ಲೈನ್‌ನಲ್ಲಿ ಒಂದು ಉಪನ್ಯಾಸ ಕೇಳಿದೆ. ಸಿಟ್ಟು ಇನ್ನೂ ಇಳಿದಿಲ್ಲ. ಕೆನಡಾದ ಕ್ರೀ ಎಂಬ ಮೂಲನಿವಾಸಿ ಜನಾಂಗದ ನಾಟಕಕಾರ ಟಾಮ್ಸನ್ ಹೈವೇ ಬಗ್ಗೆ ಮಾತು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇಡುತ್ತಿದ್ದ ವಸತಿ ಶಾಲೆಯ ನೋವಿನಿಂದ ಶುರುವಾಗಿ ಅಲ್ಲೇ ಮುಗಿಯಿತು. ನಾಟಕಗಳ ಬರೀ ಹೆಸರು ಹೇಳಿದರು. ನನ್ನ ನಾಟಕದ ಹುಚ್ಚು ನಿಮಗೆ ಗೊತ್ತಲ್ವಾ, ತಡೆಯೋಕೆ ಆಗಲಿಲ್ಲ.

ಹೈವೇ ಹುಟ್ಟಿದ್ದು 1951ರಲ್ಲಿ, ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಉತ್ತರದ ತುದಿಯಲ್ಲಿ, ಹಿಮದ ನಡುವಿನ ಡೇರೆಯಲ್ಲಿ. 12 ಮಕ್ಕಳಲ್ಲಿ 11ನೆಯವರು. ಅಪ್ಪ ಕ್ಯಾರಿಬೂ ಎಂಬ ಹಿಮನಾಡಿನ ಜಿಂಕೆಯ ಬೇಟೆಗಾರ, ನಾಯಿಗಾಡಿ ಓಟದ ಚಾಂಪಿಯನ್. ಆ ಬಾಲ್ಯದ ಸಂತೋಷವನ್ನೇ ಅವರು 2021ರಲ್ಲಿ ಆತ್ಮಕಥೆಯಾಗಿ ಬರೆದರು. ಅದನ್ನು ಯಾಕೆ ಬಿಟ್ಟುಬಿಡ್ತೀರಿ?

ಪಿಯಾನೋ ಕಲಿತರು, 1975ರಲ್ಲಿ ಸಂಗೀತದ ಪದವಿ ಪಡೆದರು. ಆಮೇಲೆ ಏಳು ವರ್ಷ ತಮ್ಮ ಜನರ ಸಂಘಟನೆಗಳಲ್ಲಿ ದುಡಿದರು. ನಾಟಕ ಬಂದದ್ದು ಅದರ ನಂತರ.

1986ರ 'ದ ರೆಜ್ ಸಿಸ್ಟರ್ಸ್' ಓದಿ ನೋಡಿ. ಮ್ಯಾನಿಟೂಲಿನ್ ದ್ವೀಪದ ಏಳು ಹೆಂಗಸರು. ಟೊರಾಂಟೋದಲ್ಲಿ ಜಗತ್ತಿನಲ್ಲೇ ದೊಡ್ಡ ಬಿಂಗೋ ಆಟ ಅಂತ ಸುದ್ದಿ; ಕೂಗಿದ ಅಂಕಿಗಳನ್ನು ಚೀಟಿಯಲ್ಲಿ ಗುರುತು ಹಾಕಿ ದುಡ್ಡು ಗೆಲ್ಲುವ ಆಟ ಅದು. ಒಬ್ಬಳಿಗೆ ಗೆದ್ದ ದುಡ್ಡಿನಲ್ಲಿ ಒಳ್ಳೆ ಅಗಲವಾದ ಕಮೋಡ್ ಬೇಕು! ಬಾಯಿಗೆ ಬಂದಂತೆ ಬೈದಾಡಿಕೊಳ್ಳುತ್ತಾರೆ, ದುಡ್ಡು ಕೂಡಿಸುತ್ತಾರೆ, ವ್ಯಾನ್ ಹತ್ತುತ್ತಾರೆ. ಅವರಲ್ಲಿ 14 ಮಕ್ಕಳ ತಾಯಿ ಮರಿ-ಅಡೆಲ್‌ಗೆ ಕ್ಯಾನ್ಸರ್. ಬಿಂಗೋ ಗದ್ದಲದ ನಡುವೆ, ಆಟ ನಡೆಸುವವನ ವೇಷದಲ್ಲಿ ನಾನಬುಷ್ ಬರುತ್ತಾನೆ. ವೇಷ ಬದಲಿಸುತ್ತಾ ಆಟ ಆಡಿಸುವ ಅವರ ದೈವ. ಅವಳ ಜೊತೆ ಕುಣಿದು, ಅವಳನ್ನು ಸಾವಿನ ಕಡೆಗೆ ಕರೆದುಕೊಂಡು ಹೋಗುತ್ತಾನೆ.

ನನ್ನ ಅಕ್ಕ ಹೋದ ಮೇಲೆ ಮನೆಯಲ್ಲಿ ನಗೋಕೇ ಹೆದರುತ್ತಿದ್ದೆವು. ಆ ದೃಶ್ಯ ಓದಿದ ರಾತ್ರಿ ನಾನು ಅತ್ತೆ, ನಕ್ಕೆ ಕೂಡ. ಅದಕ್ಕೇ ಈ ನಾಟಕ ನನಗೆ ಇಷ್ಟು ಹತ್ತಿರ.

'ನೋವನ್ನು ಮುಚ್ಚಿಡಬೇಕಾ?' ಅಂತ ಕೇಳಬಹುದು. ಯಾರು ಹಾಗಂದರು? ಆರನೇ ವಯಸ್ಸಿಗೆ ಮನೆಯಿಂದ ದೂರ ಗೈ ಹಿಲ್ ಶಾಲೆಗೆ ಹೋದವರು ಅವರು. ಅಂಥ ಶಾಲೆಯ ಕ್ರೌರ್ಯವನ್ನು 1998ರ ಕಾದಂಬರಿಯಲ್ಲಿ ಬಿಚ್ಚಿಟ್ಟವರೂ ಅವರೇ. ಆದರೆ ಗಾಯವನ್ನಷ್ಟೇ ತೋರಿಸಿ ಕೆಲಸವನ್ನು ಬಿಟ್ಟರೆ, ಅದು ಕಲಾವಿದನಿಗೆ ಮಾಡುವ ಅನ್ಯಾಯ. ಕನಿಕರ ಜಾಸ್ತಿ, ಓದು ಕಡಿಮೆ. ಇದೇ ನನ್ನ ತಕರಾರು.

ಹೈವೇ ಅವರ ತಮ್ಮ ರೆನೆ ನೃತ್ಯಗಾರ. ಈ ನಾಟಕದ ಮೊದಲ ಪ್ರದರ್ಶನದಲ್ಲಿ ನಾನಬುಷ್ ಆಗಿ ಕುಣಿದದ್ದು ಅವನೇ. 1990ರಲ್ಲಿ ಏಡ್ಸ್‌ನಿಂದ ತೀರಿಕೊಂಡ. ನನಗಾಗಿ ದುಃಖಪಡಬೇಡ, ಖುಷಿಯಾಗಿರು ಅಂತ ಅಣ್ಣನಿಗೆ ಹೇಳಿ ಹೋದ. ಅಣ್ಣ ಆ ಮಾತು ಉಳಿಸಿಕೊಂಡು ಇಷ್ಟು ವರ್ಷ ಬರೆದಿದ್ದಾರೆ. ಮುಂದಿನ ಸಲ ಅವರ ಬಗ್ಗೆ ಮಾತಾಡುವವರು ದಯವಿಟ್ಟು ಆ ಬಿಂಗೋ ದೃಶ್ಯವನ್ನು ಗಟ್ಟಿಯಾಗಿ ಓದಿ.